ಪೊರಕೆ ಕೋಲಿನ ಎತ್ತರ

ಮೂಂಟಾ
೮ ಸೆಪ್ಟೆಂಬರ್ ೧೯೬೩

ಹೆಡ್ಲಿ,

ನೀನು ಬ್ರೋಕನ್ ಹಿಲ್‌ನ ಗಣಿಗೆ ಹೋಗಿ ಆರು ತಿಂಗಳಾಯಿತು. ಅಮ್ಮ ಇವತ್ತಿಗೂ ಶನಿವಾರ ಮೂರು ಪ್ಯಾಸ್ಟಿ ಬೇಯಿಸುತ್ತಾಳೆ. ಮಾಂಸ, ಆಲೂಗಡ್ಡೆ ತುಂಬಿ, ಅಂಚು ಮಡಚಿ, ಮೂಲೆಯಲ್ಲಿ ಅವರವರ ಹೆಸರಿನ ಮೊದಲಕ್ಷರ ಚುಚ್ಚುತ್ತಾಳೆ. ಎಚ್ ಅಕ್ಷರದ್ದು ತಿನ್ನುವವನಿಲ್ಲದೆ ತಣ್ಣಗೆ ಕೂತಿರುತ್ತದೆ. ಭಾನುವಾರ ನಾನೇ ತಿಂದು ಮುಗಿಸುತ್ತೇನೆ. ನನ್ನ ಸೊಂಟ ಬಿಗಿಯಾಗುತ್ತಿರುವುದಕ್ಕೆ ನೀನೇ ಹೊಣೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಬಿ.ಎಸ್.ಎ. ಮೋಟಾರ್ ಬೈಕ್ ಚೆನ್ನಾಗಿದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡು ಎಂದು ಹೇಳಿ ಹೋಗಿದ್ದೆ. ನಾನು ದಿನಾ ಸ್ಟಾರ್ಟ್ ಮಾಡಿ, ಕಡೀನಾದ ಟೆಲಿಫೋನ್ ಕಚೇರಿಗೆ ಕೆಲಸಕ್ಕೆ ಹೋಗಿ, ಸಂಜೆ ವಾಪಸ್ ತಂದು ನಿಲ್ಲಿಸುತ್ತಿದ್ದೇನೆ. ಗಾಡಿಗೆ ಒಳ್ಳೆಯದೇ ಆಗಿದೆ.

ಜನವರಿ ಹನ್ನೊಂದಕ್ಕೆ ಸಮುದ್ರ ದೂರ ಇಳಿದಾಗ ಗಟ್ಟಿ ಮರಳಿನ ಮೇಲೆ ಬೈಕ್ ಕ್ಲಬ್ಬಿನ ಓಟ ಇದೆಯಲ್ಲ, ಅದಕ್ಕೆ ಹೆಸರು ಕೊಟ್ಟಿದ್ದೇನೆ. ಹೋದ ಮೂರು ವರ್ಷ ಅಲ್ಲಿ ಚಹಾದ ದೊಡ್ಡ ಪಾತ್ರೆಯ ಹಿಂದೆ ನಿಂತು ನಿಮಗೆಲ್ಲ ಚಹಾ ಸುರಿದದ್ದು ಸಾಕಾಯಿತು. ಹೆಂಗಸರು ಓಡಿಸಬಾರದು ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಯಾರೂ ಕೇಳಿರಲಿಲ್ಲ, ಅದಕ್ಕೇ ಬರೆದಿಲ್ಲ.

ಒಂದೇ ತೊಡಕು ನಿನ್ನ ಹ್ಯಾಂಡಲ್. ಆರಡಿ ಆಳು ನೀನು, ನಿನಗದು ಸಿಂಹಾಸನ. ನಾನು ಹಿಡಿದರೆ ತಂತಿಗೆ ಒಣಹಾಕಿದ ಅಂಗಿಯಂತೆ ಗಾಳಿಗೆ ತೂಗುತ್ತೇನೆ. ವೇಗ ಹೆಚ್ಚಿಸಿದಷ್ಟೂ ಗಾಳಿ ಹಿಂದಕ್ಕೆ ತಳ್ಳುತ್ತದೆ. ತಗ್ಗಿನ ಹ್ಯಾಂಡಲ್ ಹಾಕಿ ಬಗ್ಗಿ ಕೂತರೆ ಮಾತ್ರ ನನಗೆ ಅಲ್ಲಿ ಮರ್ಯಾದೆ ಉಳಿಯುತ್ತದೆ. ಕರ್ನೋ ಮಾಮನ ಅಂಗಡಿಗೆ ಹೋಗಿದ್ದೆ. ನಿನಗೆ ಗೊತ್ತಲ್ಲ, ಊರಿಗೆಲ್ಲ ಮಾಮ, ಯಾರಿಗೂ ನೆಂಟನಲ್ಲ. ವಾರವೆಲ್ಲ ಬಿಡಿಭಾಗ ಮಾರುತ್ತಾನೆ, ಓಟದ ಗಾಡಿಗಳ ತಪಾಸಣೆಯೂ ಅವನದೇ.

"ಹೆಣ್ಮಕ್ಕಳಿಗೆ ಎತ್ತರದ ಹ್ಯಾಂಡಲ್ಲೇ ಚೆಂದ ಕಣಮ್ಮಾ. ನೆಟ್ಟಗೆ ಕೂತ್ಕೊಂಡು ಸಮುದ್ರ ನೋಡ್ಕೊಂಡು ಹೋಗಬಹುದು," ಅಂದ.

"ಸಮುದ್ರ ನೋಡೋಕೆ ಬೆಂಚ್ ಇದೆ ಮಾಮ. ನಂಗೆ ಹ್ಯಾಂಡಲ್ ತೋರ್ಸು," ಅಂದೆ.

ಅವನು ತೋರಿಸಲಿಲ್ಲ. ಗಾಡಿಯ ಯಜಮಾನನ ಒಪ್ಪಿಗೆ ಬರಹದಲ್ಲಿ ಬೇಕು, ಅದಿಲ್ಲದೆ ಓಟಕ್ಕೆ ಬಿಡುವುದಿಲ್ಲ ಎಂದ. ಆದ್ದರಿಂದ ಬರೆದು ಕಳಿಸು. ಎರಡು ಸಾಲು ಸಾಕು.

ನಿನ್ನ ತಂಗಿ
ಥರ್ಜಾ


ಬ್ರೋಕನ್ ಹಿಲ್
೨೨ ಸೆಪ್ಟೆಂಬರ್ ೧೯೬೩

ಕುಳ್ಳಿ,

ಇದನ್ನು ಬರೆಯುತ್ತಿರುವವನು ನನ್ನ ಕೋಣೆಯ ಜೊತೆಗಾರ ವಿಲ್ಫ್. ನಾನು ಮಂಚದ ಮೇಲೆ ಬಿದ್ದುಕೊಂಡು ಹೇಳುತ್ತಿದ್ದೇನೆ. ಸೋಮಾರಿತನ, ಬೇರೇನಿಲ್ಲ.

ಉತ್ತರ: ಇಲ್ಲ.

ಇನ್ನೊಮ್ಮೆ ಹೇಳಲೇ? ಇಲ್ಲ. ದಿನಾ ಓಡಿಸುತ್ತಿದ್ದೀಯ ಎಂದು ಓದಿದಾಗಲೇ ನನ್ನ ಊಟ ಗಂಟಲಲ್ಲಿ ನಿಂತಿತು. (ನಿಂತಿರಲಿಲ್ಲ, ನನ್ನ ಪಾಲಿನದ್ದನ್ನೂ ತಿಂದ. ವಿಲ್ಫ್.) ಆ ಹ್ಯಾಂಡಲ್ ನನ್ನ ತೋಳಿಗೆ ಅಳೆದು ಕೂರಿಸಿದ್ದು. ಅದರ ಒಂದು ನಟ್ಟು ಸಡಿಲವಾದರೂ ನನಗೆ ಇಲ್ಲಿಗೆ ತಿಳಿಯುತ್ತದೆ. ತಗ್ಗಿನ ಹ್ಯಾಂಡಲ್ ಎಂದರೆ ಹುಡುಗರ ಷೋಕಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ, ಗೊತ್ತೇ ನಿನಗೆ? ಹತ್ತು ಮೈಲಿಗೆ ಅಳುತ್ತೀಯ.

ಓಟಕ್ಕೆ ನಾನು ಬರುವ ವರ್ಷ ಬಾ, ಹಿಂದಿನ ಸೀಟಿನಲ್ಲಿ ಕೂರಿಸುತ್ತೇನೆ. ಅಲ್ಲಿಯವರೆಗೆ ಚಹಾ ಸುರಿ.

(ಇದಕ್ಕಿಂತ ಕೆಟ್ಟದಾಗಿ ಹೇಳಿದ್ದ ಎರಡು ಸಾಲುಗಳನ್ನು ನಾನು ಬರೆದಿಲ್ಲ. ಕೇಸರಿ ಕೇಕ್ ಮಾಡಿದರೆ ನಮ್ಮನ್ನು ನೆನೆಯಿರಿ. ವಿಲ್ಫ್.)

ಅಮ್ಮನಿಗೆ ನಾನು ಆರಾಮ ಎಂದು ಹೇಳು.

ಹೆಡ್ಲಿ


ಮೂಂಟಾ
೬ ಅಕ್ಟೋಬರ್ ೧೯೬೩

ಸೋಮಾರಿ ಅಣ್ಣನಿಗೂ ಅವನ ಗುಮಾಸ್ತನಿಗೂ,

ನಟ್ಟು ಸಡಿಲವಾಗಿದೆ. ತಿಳಿಯಿತೇ?

ಮೊದಲು ಎಲ್ಲ ಹುಡುಗರೂ ಮಾಡುವುದನ್ನೇ ಮಾಡಿದೆ. ನಿನ್ನ ಹ್ಯಾಂಡಲನ್ನೇ ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದೆ. ನೋಡಲು ಬಹಳ ಸೊಗಸಾಗಿತ್ತು. ಗೇಟಿನಿಂದ ಹೊರಗೆ ಬಂದು ಎಡಕ್ಕೆ ಹೊರಳಿಸಿದೆ ನೋಡು, ಎಕ್ಸಲರೇಟರ್ ವೈರು ಹೆಡ್‌ಲೈಟಿಗೆ ಸಿಕ್ಕಿ ಜಗ್ಗಿತು. ನಾನು ಹಿಡಿಯನ್ನು ಮುಟ್ಟದಿದ್ದರೂ ಎಂಜಿನ್ ತಾನಾಗಿಯೇ ಕಿರುಚಿತು. ಗಾಡಿಯೂ ನಾನೂ ಪಕ್ಕದ ಮನೆಯ ಕೋಳಿ ಅಂಗಳದೊಳಗೆ ಹೋಗಿ ನಿಂತೆವು. ಕೋಳಿಗಳಿಗೆ ಏನೂ ಆಗಲಿಲ್ಲ, ಆದರೆ ಮೊಟ್ಟೆ ನಿಲ್ಲಿಸಿವೆಯಂತೆ. ನನ್ನ ಎಡ ಹೆಬ್ಬೆರಳು ಹ್ಯಾಂಡಲಿಗೂ ಟ್ಯಾಂಕಿಗೂ ನಡುವೆ ಸಿಕ್ಕಿ ನೇರಳೆ ಹಣ್ಣಾಗಿದೆ. ಟ್ಯಾಂಕಿನ ಮೇಲೆ ಒಂದು ಸಣ್ಣ ತಗ್ಗು ಬಿದ್ದಿದೆ. ಅದನ್ನು ಮುಚ್ಚಿಡುವುದಿಲ್ಲ, ಹೇಳಿದ್ದೇನೆ.

ಹೆಬ್ಬೆರಳು ತೋರಿಸಿದಾಗ ಕರ್ನೋ ಮಾಮ ನಕ್ಕು ನಕ್ಕು ಕೆಮ್ಮಿದ. ಆಮೇಲೆ ಯಾಕೋ ಮನಸ್ಸು ಕರಗಿತು.

"ಕೋಳಿಗೂಡಿಗೆ ನುಗ್ಗಿದ ಮೇಲೂ ಬೇಕಾ?"

"ಬೇಕು."

"ನಿಮ್ಮಣ್ಣ ಬೇಡ ಅಂದಿದ್ದಾನಂತಲ್ಲ?"

"ಅಂದಿದ್ದಾನೆ. ಅದಕ್ಕೇ ಇನ್ನೂ ಬೇಕು."

ಮೂರು ಬಗೆ ತೆಗೆದು ಮುಂದಿಟ್ಟ. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ್ದು ಒಂದು. ನೋಡಿದ ಕೂಡಲೇ ಮನಸ್ಸು ಹಾರಿತು, ಆದರೆ ನನ್ನ ಗಿಡ್ಡ ತೋಳು ಅದರ ತುದಿಗೆ ಹೋಗುವಾಗ ಗಲ್ಲ ಟ್ಯಾಂಕಿಗೆ ಬಡಿಯುತ್ತದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕಾಲುಗಳಿಗೇ ಬಿಗಿಯುವ ಎರಡು ತುಂಡಿನದ್ದು ಇನ್ನೊಂದು. ಅದರಲ್ಲಿ ಕೂತರೆ ದಾರಿ ಕಾಣುವುದಿಲ್ಲ, ಮುಂದಿನ ಚಕ್ರ ಮಾತ್ರ ಕಾಣುತ್ತದೆ. ಮೂರನೆಯದು ಅಗಲವಾದ ನೇರ ಹ್ಯಾಂಡಲ್. ಬಾತುಕೋಳಿ ರೆಕ್ಕೆ ಬಿಚ್ಚಿದಂತೆ ತೋಳು ಹರಡಬೇಕು.

"ಕಣ್ಣಿಂದ ಆರಿಸಬೇಡ. ಮನೇಲಿ ಗಾಡಿ ಮೇಲೆ ಕೂತು, ಕಣ್ಣು ಮುಚ್ಚಿ, ಬಗ್ಗಿ, ಕೈ ಚಾಚು. ಕೈ ಎಲ್ಲಿ ತಾನಾಗಿ ಬೀಳುತ್ತೋ ಅಲ್ಲಿಗೆ ಹ್ಯಾಂಡಲ್ ಬರಬೇಕು, ಹ್ಯಾಂಡಲ್ ಇದ್ದಲ್ಲಿಗೆ ನೀನು ಹೋಗಬಾರದು," ಎಂದು ಕಳಿಸಿದ.

ಷೆಡ್ಡಿನಲ್ಲಿ ಅಳತೆಗೆ ಪೊರಕೆ ಕೋಲು ಹಿಡಿಯಲು ಅಮ್ಮನನ್ನು ಕರೆದೆ. ಅವಳು ವಾರದಿಂದ ನನ್ನೊಂದಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಚರ್ಚಿನ ಹೆಂಗಸರೆಲ್ಲ ಏನನ್ನುತ್ತಾರೋ ಎಂಬ ಚಿಂತೆ. ಆದರೂ ಬಂದು, ಎದುರಿಗೆ ನಿಂತು, ಕೋಲನ್ನು ಎರಡು ಕೈಯಲ್ಲಿ ಅಡ್ಡ ಹಿಡಿದಳು. ನಾನು ಹಿಡಿದೆ. ಇಷ್ಟು ಸಾಕು ಅಂದೆ. ಅಮ್ಮ ಕೋಲು ಇನ್ನೂ ಕೆಳಗಿಳಿಸಿದಳು.

"ಗಾಳಿ ನಿನ್ನ ತಲೆ ಮೇಲಿಂದ ಹೋಗಬೇಕು ತಾನೇ? ಇನ್ನೂ ಬಗ್ಗು. ಅರ್ಧಂಬರ್ಧ ಮಾಡೋದಾದ್ರೆ ಯಾಕೆ ಮಾಡ್ತೀಯ?"

ಅಮ್ಮ ಅಂದ ಮಾತು ಹೆಡ್ಲಿ, ನನ್ನದಲ್ಲ.

ಆ ಎತ್ತರಕ್ಕೆ ಸರಿಯಾದದ್ದು ಸಿಕ್ಕಿದ್ದು ಎಲ್ಲಿ ಅಂತೀಯ? ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಮಾಮನ ಅಂಗಡಿಯ ಗೋಡೆಯಲ್ಲೇ ಇತ್ತು. ಅವನು ಏಪ್ರನ್ ನೇತುಹಾಕಲು ಹೊಡೆದಿದ್ದ ಗಿಡ್ಡ ನೇರ ಹ್ಯಾಂಡಲ್. ತುದಿ ಚೂರೇ ಹಿಂದಕ್ಕೆ ಬಾಗಿದೆ. ಏಪ್ರನ್ ಈಗ ನೆಲದ ಮೇಲಿದೆ, ಹ್ಯಾಂಡಲ್ ಗಾಡಿಯ ಮೇಲಿದೆ. ಅದಕ್ಕೆ ಬೇರೆ ಗಿಡ್ಡ ವೈರುಗಳನ್ನೂ ಹಾಕಿಸಿದ್ದೇನೆ. ನಿನ್ನದನ್ನು ಒರೆಸಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಇಟ್ಟಿದ್ದೇನೆ.

ಒಪ್ಪಿಗೆ ಕಳಿಸು. ಆಗಲೇ ಹಾಕಿ ಆಗಿದೆ, ಇನ್ನು ಜಗಳ ಯಾಕೆ?

ಥರ್ಜಾ


ಬ್ರೋಕನ್ ಹಿಲ್
೨೦ ಅಕ್ಟೋಬರ್ ೧೯೬೩

ಥರ್ಜಾ,

ಇದು ನನ್ನದೇ ಬರಹ. ಹೀಗೆ ಸೊಟ್ಟಗೆ ಯಾಕಿದೆ ಎಂದು ಕೇಳುತ್ತೀಯ, ಹೇಳಿಬಿಡುತ್ತೇನೆ.

ಆಗಸ್ಟಿನಲ್ಲಿ ಸುರಂಗದೊಳಗೆ ಅದಿರಿನ ಬಂಡಿಗೂ ಮರದ ಕಂಬಕ್ಕೂ ನಡುವೆ ನನ್ನ ಬಲ ಮಣಿಕಟ್ಟು ಸಿಕ್ಕಿತು. ಯಾರ ತಪ್ಪೂ ಅಲ್ಲ, ನನ್ನದೇ ಅವಸರ. ಹೋದ ವಾರ ಪ್ಲಾಸ್ಟರ್ ಬಿಚ್ಚಿದರು. ಬೆರಳು ಆಡುತ್ತವೆ. ಮಣಿಕಟ್ಟು ಮಡಚುವುದಿಲ್ಲ, ತಿರುಗುವುದಿಲ್ಲ. ಇನ್ನು ಮೇಲೆ ಹೀಗೇ ಅಂತೆ. ಡಾಕ್ಟರು ಬೈಕಿನ ಹೆಸರೇ ಎತ್ತಬೇಡ ಅಂದರು. ನನಗೀಗ ಕೆಳಗಿಳಿಯುವ ಕೆಲಸವಿಲ್ಲ. ಮೇಲೆ ಕೂತು ಗಣಿಯವರ ದೀಪಗಳನ್ನು ಎಣಿಸಿ ಕೊಡುತ್ತೇನೆ.

ಆಸ್ಪತ್ರೆಯಲ್ಲಿ ಮಲಗಿ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಮನೆಯಲ್ಲಿ ನನ್ನ ಗಾಡಿ ಇದೆ, ಹ್ಯಾಂಡಲ್ ಎತ್ತರದ್ದು, ಕೈ ನೆಟ್ಟಗಿದ್ದರೂ ಅದನ್ನು ಹಿಡಿಯಬಹುದು, ಮೈಭಾರ ಬೀಳುವುದಿಲ್ಲ. ಎಂದಾದರೂ ಒಂದು ದಿನ ಚರ್ಚಿನವರೆಗಾದರೂ ಓಡಿಸಬಹುದು. ಅಷ್ಟೇ ನನಗೆ ಉಳಿದಿದ್ದ ಆಸೆ. ನೀನು ಅದನ್ನೂ ಬಿಚ್ಚಿ ಗೋಣಿಯಲ್ಲಿ ಸುತ್ತಿಟ್ಟೆ.

ಅಮ್ಮನಿಗೆ ಹೇಳಬೇಡ. ಒಪ್ಪಿಗೆ ಕೊಡುವುದಿಲ್ಲ.

ಹೆಡ್ಲಿ


ಮೂಂಟಾ
೨೪ ನವೆಂಬರ್ ೧೯೬೩

ಹೆಡ್ಲಿ,

ಇಷ್ಟು ದಿನ ಬರೆಯಲಿಲ್ಲ. ಬರೆದು ಹರಿದೆ.

ನಿನ್ನ ಕಾಗದ ಓದಿ ಷೆಡ್ಡಿಗೆ ಹೋಗಿ ಅತ್ತೆ. ಚೆನ್ನಾಗಿಯೇ ಅತ್ತೆ, ಮೂಗು ಸುರಿಯುವ ಹಾಗೆ. ಆಮೇಲೆ ನನ್ನ ಹ್ಯಾಂಡಲ್ ಬಿಚ್ಚಿ, ಗೋಣಿಯಿಂದ ನಿನ್ನದನ್ನು ತೆಗೆದು ಮತ್ತೆ ಕೂರಿಸಿದೆ. ಎರಡು ವಾರ ಹಾಗೇ ಕಡೀನಾಕ್ಕೆ ಓಡಿಸಿದೆ. ಪ್ರತಿ ದಿನವೂ ಸತ್ತವರ ಮನೆಗೆ ಹೋಗಿಬಂದಂತೆ ಆಗುತ್ತಿತ್ತು. ನಿನ್ನ ಗಾಡಿಯನ್ನು ಹೂವಿಡುವ ಜಾಗ ಮಾಡುತ್ತಿದ್ದೇನೆ ಎನ್ನಿಸಿತು. ನನಗೆ ಸಿಟ್ಟು ಬಂತು. ನಿನ್ನ ಮೇಲೆ, ಡಾಕ್ಟರ ಮೇಲೆ, ಎಲ್ಲರ ಮೇಲೆ. ಮತ್ತೆ ಬಿಚ್ಚಿದೆ. ತಗ್ಗಿನದ್ದನ್ನೇ ಹಾಕಿದ್ದೇನೆ.

ಕೇಳು. ಕನಿಕರಕ್ಕೆ ನಾನು ಹ್ಯಾಂಡಲ್ ಎತ್ತುವುದಿಲ್ಲ. ಸತ್ತವರಿಗೆ ಮಾಡುವುದನ್ನು ನಿನಗೆ ಮಾಡುವುದಿಲ್ಲ. ಚರ್ಚಿನವರೆಗೆ ಅಂತೆ! ಮೂಂಟಾದ ಮರಳಿನ ಮೇಲೆ ಎಲ್ಲರ ಮುಖಕ್ಕೆ ಮರಳೆರಚಿ ಮುಂದೆ ಹೋಗುತ್ತಿದ್ದವನು ಚರ್ಚಿನವರೆಗೆ ಹೋಗುವ ಕನಸು ಕಾಣುತ್ತಾನಂತೆ. ನಾಚಿಕೆಯಾಗಬೇಕು ನಿನಗೆ.

ಅಮ್ಮನಿಗೆ ನಾನು ಹೇಳಲಿಲ್ಲ. ಅವಳೇ ಒಲೆಯ ಮುಂದೆ ನಿಂತು, ನನ್ನ ಕಡೆ ತಿರುಗದೆ ಕೇಳಿದಳು.

"ಎಡಗೈಯಾ, ಬಲಗೈಯಾ? ಅಷ್ಟು ಹೇಳು ಸಾಕು."

"ಯಾರು ಹೇಳಿದ್ರಮ್ಮಾ ನಿಂಗೆ?"

"ಸೋಮಾರಿ ಅಂತೆ. ಅವನು ಹುಟ್ಟಿದಾಗಿಂದ ಒಂದು ದಿನ ಸೋಮಾರಿ ಆಗಿದ್ನಾ?"

ಬಲಗೈ ಅಂದೆ. ತಲೆಯಾಡಿಸಿ, ಚಾಕುವಿನ ತುದಿಯಿಂದ ಹಿಟ್ಟಿನ ಮೇಲೆ ಎಚ್ ಚುಚ್ಚಿದಳು. ಆ ದಿನ ಅಕ್ಷರ ಬಹಳ ಆಳವಾಗಿ ಬಿದ್ದಿತ್ತು, ಬೇಯುವಾಗ ಗ್ರೇವಿ ಹೊರಗೆ ಬಂತು.

ಕರ್ನೋ ಮಾಮನಿಗೂ ಹೇಳಿದೆ. ಬೈದುಕೋ. ಅವನು ಹಿಂದಿನ ಕೋಣೆಗೆ ಹೋಗಿ ತನ್ನಪ್ಪನ ಕಾಲದ ಒಂದು ಪುಟ್ಟ ಹಿತ್ತಾಳೆ ಲಿವರ್ ತಂದ. ಆಗಿನ ಗಾಡಿಗಳಿಗೆ ತಿರುಗಿಸುವ ಹಿಡಿಯೇ ಇರಲಿಲ್ಲವಂತೆ. ಹ್ಯಾಂಡಲ್ ಮೇಲಿನ ಲಿವರನ್ನು ಹೆಬ್ಬೆರಳಲ್ಲಿ ತಳ್ಳಿದರೆ ಎಂಜಿನ್ ಏರುತ್ತಿತ್ತು. ಮಣಿಕಟ್ಟಿಗೆ ಏನೂ ಕೆಲಸವಿಲ್ಲ.

"ಅವನಿಗೆ ಹೇಳು, ಹೆಬ್ಬೆರಳು ತೆಗೆದ್ರೆ ಇದು ತಾನಾಗಿ ಹಿಂದಕ್ಕೆ ಬರಲ್ಲ. ಎಳ್ಕೋಬೇಕು. ಮರೆತ್ರೆ ಅವನಿಗೂ ಒಂದು ಕೋಳಿಗೂಡು ಕಾದಿರುತ್ತೆ," ಅಂದ.

ನಿನ್ನ ಎತ್ತರದ ಹ್ಯಾಂಡಲಿಗೆ ಆ ಲಿವರ್ ಕೂರಿಸಿ, ವೈರು ಸಮೇತ ನಾಳಿನ ರೈಲಿಗೆ ಹಾಕುತ್ತಿದ್ದೇವೆ. ಗಾಡಿ ನನ್ನದಲ್ಲ, ಒಪ್ಪಿದೆ. ಆದರೆ ಹ್ಯಾಂಡಲ್ ನಿನ್ನದು, ತಗೋ. ವಿಲ್ಫನ ಬಳಿ ಒಂದು ಹಳೆಯ ಡಕೋಟ ಗಾಡಿ ಇದೆ ಎಂದು ಅಲ್ಲಿಗೆ ಹೋದ ಹೊಸದರಲ್ಲಿ ನೀನೇ ಬರೆದಿದ್ದೆ. ಜೊತೆಗೆ ಕಳಿಸುತ್ತಿರುವ ಕೇಸರಿ ಕೇಕು ಅವನಿಗೆ, ಗಾಡಿಯ ಬಾಡಿಗೆಯೆಂದು ತಿಳಿಯಲಿ.

ಓಟಕ್ಕೆ ನಿನ್ನ ಒಪ್ಪಿಗೆ ಇನ್ನೂ ಬೇಕು. ಕೊಡದಿದ್ದರೆ ಚಹಾದ ಪಾತ್ರೆಯ ಹಿಂದೆ ನಾನು ನಿಲ್ಲುವುದಿಲ್ಲ. ಗಾಡಿ ಹಿಡಿದುಕೊಂಡು ಓಟ ಶುರುವಾಗುವ ಗೆರೆಯ ಮೇಲೆ ನಿಲ್ಲುತ್ತೇನೆ. ಮಾಮ ನನ್ನನ್ನು ಎಲ್ಲರೆದುರು ಹೊರಗೆ ಕಳಿಸಲಿ.

ಥರ್ಜಾ


ಬ್ರೋಕನ್ ಹಿಲ್
೧೫ ಡಿಸೆಂಬರ್ ೧೯೬೩

ಥರ್ಜಾ,

ಹ್ಯಾಂಡಲ್ ತಲುಪಿತು. ಮಂಚದ ಕೆಳಗಿದೆ. ಅಲ್ಲೇ ಇರುತ್ತದೆ.

ನಿನಗೆ ಎರಡು ಮಣಿಕಟ್ಟಿದೆ, ಮಾತಾಡುವುದು ಸುಲಭ. ನಾಚಿಕೆಯ ಮಾತು ನನಗೆ ಹೇಳಬೇಡ. ನಾನು ದೀಪ ಎಣಿಸುವವನು, ಎಣಿಸಿಕೊಂಡು ಇರುತ್ತೇನೆ. ಅಮ್ಮನಿಗೆ ತಿಳಿದದ್ದು ಒಳ್ಳೆಯದೇ ಆಯಿತು, ಒಂದು ಸುಳ್ಳು ಕಡಿಮೆ. ಹಬ್ಬಕ್ಕೆ ಬರುವುದಿಲ್ಲ. ಒಪ್ಪಿಗೆ ಇಲ್ಲ, ಇಲ್ಲ, ಇಲ್ಲ.

ಹೆಡ್ಲಿ

(ಅಂಚೆಗೆ ಹಾಕುವವನು ನಾನಾದ್ದರಿಂದ ಲಕೋಟೆ ಅಂಟಿಸುವ ಮೊದಲು ಇಷ್ಟು ಬರೆಯುತ್ತೇನೆ. ಹ್ಯಾಂಡಲ್ ಮಂಚದ ಕೆಳಗೆ ಇದ್ದದ್ದು ನಿಜ, ಮೊನ್ನೆಯವರೆಗೆ. ನಿನ್ನೆ ನಾನು ಪಾಳಿ ಮುಗಿಸಿ ಬಂದಾಗ ನನ್ನ ಗಾಡಿಯ ಮೇಲಿತ್ತು. ಇವತ್ತು ಬೆಳಿಗ್ಗೆ ನನ್ನ ಗಾಡಿ ಬೇಲಿಯೊಳಗಿತ್ತು, ನಿಮ್ಮಣ್ಣ ಬೇಲಿಯ ಮೇಲಿದ್ದ. ಲಿವರ್ ವಾಪಸ್ ಎಳೆಯಲು ಮರೆತನಂತೆ. ಕೇಕು ಬಹಳ ಚೆನ್ನಾಗಿತ್ತು. ವಿಲ್ಫ್.)


ಮೂಂಟಾ
೨೮ ಡಿಸೆಂಬರ್ ೧೯೬೩

ಬೇಲಿಯ ಮೇಲಿನ ಅಣ್ಣನಿಗೆ,

ಇವತ್ತು ಓಟಕ್ಕೆ ಮುಂಚಿನ ತಪಾಸಣೆ ಇತ್ತು. ಇಡೀ ಕ್ಲಬ್ಬು ಕೈಕಟ್ಟಿ ನಿಂತು ನೋಡಿತು. ಕರ್ನೋ ಮಾಮ ಅಂಗಡಿಯಲ್ಲಿ ಮಾಮ, ತಪಾಸಣೆಯಲ್ಲಿ ಯಮ. ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ಹೊರಳಿಸಿ ಕಿವಿಗೊಟ್ಟ. ಸದ್ದು ಒಂದಿಷ್ಟೂ ಏರಲಿಲ್ಲ. ಆಮೇಲೆ ಹ್ಯಾಂಡಲನ್ನು ಪೂರ್ತಿ ಹೊರಳಿಸಿ ಹಿಡಿದು, ಅದಕ್ಕೂ ಟ್ಯಾಂಕಿಗೂ ನಡುವೆ ತನ್ನ ಹೆಬ್ಬೆರಳಿಟ್ಟ. ಆ ಹೆಬ್ಬೆರಳು ನಿನಗೆ ಗೊತ್ತಲ್ಲ, ನಮ್ಮೂರಲ್ಲಿ ಅಷ್ಟು ದಪ್ಪದ್ದು ಇನ್ನೊಂದಿಲ್ಲ. ಸಿಕ್ಕಿಕೊಂಡರೆ ನಾನು ಮನೆಗೆ.

ಸಿಕ್ಕಿಕೊಳ್ಳಲಿಲ್ಲ. ಹಿಂದಿನ ವಾರವೇ ಫೋರ್ಕಿನ ಕಾಲಿಗೆ ಅಡ್ಡ ಬೋಲ್ಟು ಹಾಕಿ ಹ್ಯಾಂಡಲ್ ತೀರಾ ಹೊರಳುವುದನ್ನು ತಡೆದಿದ್ದೆ. ಒಮ್ಮೆ ನೇರಳೆ ಹಣ್ಣಾದ ಬೆರಳು ಮರೆಯುತ್ತದೆಯೇ?

"ಸರಿ ಇದೆ," ಅಂದ. ಗುಂಪಿನಿಂದ ಯಾರೋ, "ಚಹಾ ಯಾರು ಮಾಡ್ತಾರೆ ಈ ಸಲ?" ಎಂದು ಕೂಗಿದರು. ಅಮ್ಮ ಹಿಂದಿನಿಂದ, "ಬಾಯಾರಿದವರು ಮಾಡ್ಕೋತಾರೆ," ಅಂದಳು. ಅಮ್ಮ ಅಲ್ಲಿಗೆ ಬಂದಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಬಂದಿದ್ದಳು.

ಎಲ್ಲ ಆಯಿತು. ಉಳಿದದ್ದು ನಿನ್ನ ಒಪ್ಪಿಗೆ ಒಂದೇ. ಅದಿಲ್ಲದೆ ಬಿಡುವುದಿಲ್ಲ ಎಂದು ಮಾಮ ಇನ್ನೊಮ್ಮೆ ಹೇಳಿದ. ಆತ ನಿಯಮ ಬಿಡುವವನಲ್ಲ, ನಾನೂ ಬೇಡಿಕೊಳ್ಳುವವಳಲ್ಲ. ಇದು ನನ್ನ ಕೊನೆಯ ಕಾಗದ. ಜನವರಿ ಹನ್ನೊಂದರ ಶನಿವಾರ ಸಮುದ್ರ ಇಳಿದಾಗ ನಾನು ಗೆರೆಯ ಮೇಲಿರುತ್ತೇನೆ.

ಆ ಹ್ಯಾಂಡಲ್ ಹಿಡಿದಾಗ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ನೀನು ಹೇಳಿದ್ದು ನಿಜ. ಪ್ರತಿ ಸಲ ಬಿದ್ದಾಗಲೂ ನಿನ್ನ ನೆನಪಾಗುತ್ತದೆ. ಆದರೂ ಎತ್ತುವುದಿಲ್ಲ.

ಥರ್ಜಾ


ಬ್ರೋಕನ್ ಹಿಲ್
೫ ಜನವರಿ ೧೯೬೪

ಕುಳ್ಳಿ,

ಲಕೋಟೆ ಕೊಡವಬೇಡ. ಒಪ್ಪಿಗೆ ಪತ್ರ ಇದರಲ್ಲಿಲ್ಲ.

ಎರಡು ಸಲ ಬಿದ್ದೆ, ವಿಲ್ಫ್ ನಿನಗೆ ಒಂದೇ ಹೇಳಿದ್ದಾನೆ. ಮೂರನೆಯ ಸಲ ಊರ ಹೊರಗಿನ ರಸ್ತೆಯಲ್ಲಿ ದೂರದವರೆಗೆ ಹೋಗಿ ಬಂದೆ. ಹೆಬ್ಬೆರಳು ಮುಂದಕ್ಕೆ ತಳ್ಳಬೇಕು, ಹಿಂದಕ್ಕೆ ಎಳೆಯಬೇಕು. ನೆಟ್ಟಗೆ ಕೂತಿದ್ದೆ, ಗಾಳಿ ಇಡೀ ಎದೆಗೆ ಹೊಡೆಯುತ್ತಿತ್ತು. ಒಣಹಾಕಿದ ಅಂಗಿ ಎಂದಿದ್ದೆಯಲ್ಲ, ಹಾಗೇ ಇದ್ದೆ. ಹೆಲ್ಮೆಟ್ಟಿನೊಳಗೆ ಕೂಗಿದೆ, ಏನೆಂದು ಹೇಳುವುದಿಲ್ಲ. ವಾಪಸ್ ಬಂದು ಆ ಡಾಕ್ಟರ ಮನೆಯ ಮುಂದೆ ಸುಮ್ಮನೆ ನಾಲ್ಕು ಸಲ ಓಡಾಡಿದೆ.

ನೀನು ಎಷ್ಟು ತಗ್ಗಿ ಕೂರುತ್ತೀಯ ಎಂದು ನಾನು ಹಿಂದಿನಿಂದ ನೋಡಬೇಕು. ಅಮ್ಮ ಹಿಡಿದ ಪೊರಕೆ ಕೋಲಿಗಿಂತ ಒಂದು ಬೆರಳು ಮೇಲಿದ್ದರೂ ಬಿಡುವುದಿಲ್ಲ.

ಗಾಡಿಯ ಯಜಮಾನ ಬರಹದಲ್ಲಿ ಕೊಡದೆ, ಮರಳಿನ ಮೇಲೆ ನಿಂತು ಬಾಯಲ್ಲೇ ಹೇಳಿದರೆ ನಡೆಯುತ್ತದೋ ಎಂದು ಕರ್ನೋ ಮಾಮನನ್ನು ಕೇಳಿಡು. ನಡೆಯದಿದ್ದರೆ ಅಲ್ಲೇ ಬರೆದು ಕೊಡುತ್ತೇನೆ, ಸೊಟ್ಟ ಅಕ್ಷರ ಅವನೇ ಓದಿಕೊಳ್ಳಲಿ. ಗುರುವಾರ ಬೆಳಿಗ್ಗೆ ವಿಲ್ಫನ ಗಾಡಿಯಲ್ಲಿ ಹೊರಡುತ್ತೇನೆ. ದಾರಿ ಉದ್ದ, ಗಾಡಿ ಮುದಿ, ಕೈ ಒಂದೂವರೆ. ತಲುಪುತ್ತೇನೆ.

ಅಮ್ಮನಿಗೆ ಹೇಳು. ಶನಿವಾರದ ಎಚ್ ಪ್ಯಾಸ್ಟಿಗೆ ನೀನು ಕೈ ಹಾಕಬೇಡ, ಅದು ನನ್ನದು.

ನಿನ್ನ ಅಣ್ಣ
ಹೆಡ್ಲಿ